ಆಟೋ ಮೋಡ್‌ನಲ್ಲಿ ಬೆಳ್ಳಗಾದ ಮುಖ

ಯಲ್ಲೇಶ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಈ ಪತ್ರ ನಿನಗೆ ಮುಟ್ಟುವುದಿಲ್ಲ, ಆದರೂ ಹೇಳುತ್ತೇನೆ. ಬೆಂಗೇರಿಯ ಸತ್ಯವ್ವ ಇವತ್ತು ನಮ್ಮ ಸ್ಟುಡಿಯೋಕ್ಕೆ ಬಂದಿದ್ದರು. ನಾನು ಆಟೋ ಮೋಡ್‌ನಲ್ಲಿ ಫೋಟೋ ತೆಗೆದೆ. ಕ್ಯಾಮೆರಾ ಅವರ ಕಪ್ಪು ಮುಖವನ್ನು ತಾನಾಗಿಯೇ ಬೆಳ್ಳಗೆ ಮಾಡಿಬಿಟ್ಟಿತು.

"ಇದು ಯಾರ ಮಾರಿರಿ?" ಎಂದು ಕೇಳಿ, ನೀನು ನಮ್ಮಲ್ಲಿ ಕೆಲಸಕ್ಕಿದ್ದಾಗ, ರೀಲಿನ ಕಾಲದಲ್ಲಿ ತೆಗೆದಿದ್ದ ಅವರ ಮದುವೆಯ ಫೋಟೋ ತೋರಿಸಿದರು. ಅದರಲ್ಲಿ ಮುಖ ಕಪ್ಪಗೇ ಇತ್ತು, ಕಳೆ ತುಂಬಿತ್ತು. ನೀನು ಬೆಳಕನ್ನು ಕಣ್ಣಲ್ಲೇ ಅಳೆದು ಲೆನ್ಸ್ ತಿರುಗಿಸುತ್ತಿದ್ದವನು.

ನಾನೂ ಮ್ಯಾನುವಲ್‌ಗೆ ಹಾಕಿ ಹತ್ತಾರು ಸಲ ತೆಗೆದೆ. ಒಂದೂ ಸರಿ ಬರಲಿಲ್ಲ.

"ಬಿಡ್ರಿ, ಸಾಕು. ಆ ಯಲ್ಲೇಶಣ್ಣ ಎಲ್ಲಿ ಹೋದ್ರು?"

ಡಿಜಿಟಲ್ ಬಂದ ವರ್ಷ, "ಇನ್ನ ಕ್ಯಾಮೆರಾನ ಎಲ್ಲಾ ಮಾಡತೈತಿ, ನಿನ್ನ ಕೆಲಸ ಏನೈತಿ?" ಎಂದು ನಿನ್ನನ್ನು ಕಳಿಸಿದವನು ನಾನು.

"ಅವರಾಗೇ ಬಿಟ್ಟು ಹೋದ್ರವ್ವಾ" ಎಂದೆ.

ಅವರು ನಂಬಿದರು.