ಕವುಚಿಟ್ಟ ತಟ್ಟೆ

ಮಂಗಳೂರು ಬಂದರಿನ ಧಕ್ಕೆ,
ತಡೆಗಾಳಿ ತಿಂಗಳ ನೂರ ಇಪ್ಪತ್ತನೆಯ ದಿನ.

ನನ್ನ ಅಜ್ಜಿಯ ಅಜ್ಜಿಗೂ ಅಜ್ಜಿಯಾದ ವಾರಿಜಮ್ಮನವರಿಗೆ ಮಿಥಿಲೆಯ ನಮಸ್ಕಾರ.

ತಿಂಗಳಿಗೆ ನೂರ ಇಪ್ಪತ್ತು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಗಾಳಿ ತಿರುಗುವವರೆಗೆ ತಿಂಗಳು ಮುಗಿಯುವುದಿಲ್ಲ. ಹಾಯಿಹಡಗನ್ನು ಮಸ್ಕತ್ತಿಗೆ ಒಯ್ಯುವುದು ಹೋಗುಗಾಳಿ, ಈಚೆ ತರುವುದು ಬರುಗಾಳಿ, ಮಳೆಗಾಲದಲ್ಲಿ ಯಾರನ್ನೂ ಬಿಡದಿರುವುದು ತಡೆಗಾಳಿ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಮಾತು ಕೇಳಿ ನನಗಾದ ಗಾಬರಿಯ ಮುಂದೆ ಅದು ಏನೂ ಅಲ್ಲ.

ಮನೆಯಲ್ಲಿ ಉಳಿದಿದ್ದ ನಿಮ್ಮ ಹಳೆಯ ಫೋನಿಗೆ ನಿನ್ನೆ ಹೇಗೋ ಜೀವ ಬಂತು. ಮಸ್ಕತ್ತಿನಲ್ಲಿರುವ ತಂಗಿಗೆ ನೀವು ಕಳಿಸಿದ್ದ ಮಾತು ಅದರಲ್ಲಿತ್ತು: “ಶಶೀ, ಈ ಸಲವೂ ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನಿಂಗೆ ಹುಷಾರಿಲ್ಲ ಅಂತ ಕೇಳಿ ಬೇಜಾರಾಯ್ತು. ಆದ್ರೆ ಎಂತ ಅವಸರ? ಮೂರು ಗಂಟೆ ದಾರಿ ಅಲ್ವಾ, ಯಾವಾಗ ಬೇಕಾದ್ರೂ ಬರ್ಬಹುದು.”

ಮೂರು ಗಂಟೆ! ಕೂಡಿದ್ದವರೆಲ್ಲ ನಕ್ಕುಬಿಟ್ಟರು. ಮೂರು ವಾರ ಎನ್ನಲು ಹೋಗಿ ಬಾಯಿತಪ್ಪಿರಬೇಕು ಎಂದರು. ಆಮೇಲೆ ಚರಿತ್ರೆ ಕಲಿಸುವ ಟೀಚರು, ಆಗ ವಿಮಾನಗಳಿದ್ದವು, ಇಲ್ಲಿ ಬೆಳಿಗ್ಗೆ ತಿಂಡಿ ತಿಂದವರು ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದರು ಎಂದು ಆಣೆ ಹಾಕಿ ಹೇಳಿದರು. ನಾನು ನಿಮ್ಮ ಮಾತನ್ನು ಇನ್ನೊಮ್ಮೆ ಹಾಕಿ ಕೇಳಿದೆ.

ನಮಗೆ ಆ ದಾರಿ ಮೂರು ವಾರದ್ದು, ಅದೂ ಕಡಲು ಮನಸ್ಸು ಮಾಡಿದರೆ. ಹೋದವರು ಗಾಳಿ ತಿರುಗುವ ತನಕ ಅಲ್ಲೇ ಇರಬೇಕು. ಅದಕ್ಕೇ ಅಲ್ಲಿನ ಮನೆಮನೆಯಲ್ಲೂ ನೆಂಟರಿಗೆಂದು ಒಂದು ಗಾಳಿಕೋಣೆ ಇದೆ, ಯಾವಾಗ ಹೊರಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕಡಲಾಚೆ ಹೋದವರ ತಟ್ಟೆಯನ್ನು ನಾವು ಇಲ್ಲಿ ಕವುಚಿಡುತ್ತೇವೆ. ಅವರೇ ಬಂದು ಕೈಯಾರೆ ಮಗುಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಮಸ್ಕತ್ತಿನಲ್ಲೇ ನೆಲೆಸಿದ ನನ್ನ ಅಕ್ಕ ಸಂಜೀವಿಯ ತಟ್ಟೆ ಕವುಚಿ ಒಂಬತ್ತು ವರ್ಷವಾಯಿತು. ಅವಳು ಹಾಸಿಗೆ ಹಿಡಿದಿದ್ದಾಳೆ, ನನ್ನನ್ನೇ ಕೇಳುತ್ತಿದ್ದಾಳೆ ಎಂಬ ಸುದ್ದಿ ಕಳೆದ ಬರುಗಾಳಿಯ ಕೊನೆಯ ಹಡಗಿನಲ್ಲಿ ಬಂತು. ಮಾತು ದಾಟಿಸುವ ನಿಮ್ಮ ಯಂತ್ರಗಳು ಈಗಿಲ್ಲ. ಮಳೆಗಾಲವಿಡೀ ಕಾದೆ. ಅವಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ. ನಾಳೆ ಮೊದಲ ಹಡಗು ಹೊರಡುತ್ತದೆ.

ಮೂರು ಗಂಟೆಯ ದಾರಿಯಾಗಿದ್ದರೆ ನಾನು ಒಲೆಯ ಮೇಲಿನ ಅನ್ನವನ್ನೂ ಇಳಿಸದೆ ಓಡುತ್ತಿದ್ದೆ. ವಾರಿಜಮ್ಮ, ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ಹಿರಿಯರಲ್ಲವೇ ಎಂದು ನುಂಗಿಕೊಳ್ಳಲು ನೋಡಿದೆ, ಆಗಲಿಲ್ಲ.

ಇನ್ನೊಂದು ಮಾತು. ನಮ್ಮ ಅಡುಗೆಮನೆಯ ಶೆಲ್ಫಿನ ಕೆಳಸಾಲಿನಲ್ಲಿ ಒಂದು ಸ್ಟೀಲಿನ ತಟ್ಟೆ ಯಾವ ಕಾಲದಿಂದಲೋ ಕವುಚಿಯೇ ಇದೆ. ಅದರ ಬೆನ್ನಿಗೆ ಶಶಿಪ್ರಭಾ ಎಂದು ಹೆಸರು ಕೊರೆದಿದೆ. ಯಾರು ಆಕೆ ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ನನಗೆ ಗೊತ್ತಾಯಿತು.

ಪದ್ಧತಿ ಮುರಿದು ನಾನು ಅಕ್ಕನ ತಟ್ಟೆಯನ್ನು ಗಂಟಿಗೆ ಕಟ್ಟಿಕೊಂಡಿದ್ದೇನೆ. ಅವಳು ಬರಲಾರಳು, ತಟ್ಟೆಯೇ ಹೋಗಲಿ. ನೀವೂ ಅಷ್ಟು ಮಾಡಿ. ಈ ಕಾಗದ ಓದಿದ ಕೂಡಲೇ ಶಶಿಯ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಡಿ. ಅದರಲ್ಲೇ ನಿಮ್ಮ ಕೈಯಾರೆ ಅವರಿಗೆ ಬಡಿಸಿ.

ಬರುಗಾಳಿಯಲ್ಲಿ ಮರಳಿದ ದಿನ, ಕಾಲು ತೊಳೆಯುವ ಮೊದಲೇ ನಾನು ಆ ಶೆಲ್ಫನ್ನು ನೋಡುತ್ತೇನೆ. ಆ ತಟ್ಟೆ ಅಲ್ಲಿ ಕವುಚಿರಬಾರದು.

ನಿಮ್ಮ
ಮಿಥಿಲೆ