ಕಟ್ಟಿಹಾಕಿದ ಬಲಗೈ

ಪಾಣೆಮಂಗಳೂರು
೨೮-೨-೧೯೬೫

ನನ್ನ ಸಿಟ್ಟಿನ ಮಗಳು ಕಾಂತಿಗೆ, ಅಮ್ಮನ ಪ್ರೀತಿಯ ಆಶೀರ್ವಾದಗಳು.

ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು, ನಾಲ್ಕರಲ್ಲೂ ಮೆಣಸು. ಬಯಕೆ ಶಾಸ್ತ್ರಕ್ಕೆ ಬಂದು ಚೊಚ್ಚಲ ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗದ ತಾಯಿ ಇಡೀ ಬೆಳ್ತಂಗಡಿಯಲ್ಲಿ ಯಾರಿಗೂ ಇಲ್ಲ ಎಂದು ಬರೆದಿದ್ದೀ. ಸರಿಯೇ. ಹಂಚಿನ ಕಾರ್ಖಾನೆಯಲ್ಲಿ ರಜೆ ಕೊಡಲಿಲ್ಲ ಎಂದು ನಾನು ತಿಳಿಸಿದ್ದು ಶುದ್ಧ ಸುಳ್ಳು ಮಾರಾಯ್ತಿ. ನೀನು ಮೇಸ್ತ್ರಿಯನ್ನು ಬಯ್ದದ್ದು ಪಾಪ, ದಂಡವಾಯಿತು. ಆ ದಿನ ನಾನು ಮಂಗಳೂರಿನ ಆಸ್ಪತ್ರೆಯಲ್ಲಿದ್ದೆ. ಗಾಬರಿಯಾಗಿ ಎದ್ದು ನಿಲ್ಲಬೇಡ, ಕುಳಿತುಕೊಂಡೇ ಓದು. ಕೊನೆ ಚೆನ್ನಾಗಿ ಉಂಟು.

ಹೋದ ತಿಂಗಳು ಮೀಯುವಾಗ ಬಲಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಹುಣಸೆ ಬೀಜದಷ್ಟು, ನೋವಿಲ್ಲ. ಇಪ್ಪತ್ತು ವರ್ಷ ಹಂಚು ತಟ್ಟಿ ತಟ್ಟಿ ಒಡಕು ಹುಡುಕಿದವಳು ನಾನು. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಪಕ್ಕದ ಮನೆಯ ಬೀಪಾತುಮ್ಮನಿಗೆ ಹೇಳಿದೆ. ಅವಳು ಮೊದಲು ಬಯ್ದು, ಮತ್ತೆ ಬಸ್ಸು ಹತ್ತಿಸಿ, ಡಾಕ್ಟರ ಎದುರು ಕುಳ್ಳಿರಿಸಿದಳು. ಕ್ಯಾನ್ಸರ್ ಎಂದರು. ಬಸುರಿಗೆ ಇಂಥ ಸುದ್ದಿ ಮುಟ್ಟಿಸಬಾರದೆಂದು ನಾವಿಬ್ಬರೂ ಬಾಯಿ ಹೊಲಿದುಕೊಂಡೆವು.

ಎದೆ ತೆಗೆಯಲೇಬೇಕು ಎಂದರು. ಅದಕ್ಕೆ ನಾನು ಹೆದರಲಿಲ್ಲ. ನಿನಗೆ ಹಾಲು ಕೊಟ್ಟಾಗಿತ್ತು, ಅದರ ಕೆಲಸ ಮುಗಿದಿತ್ತು. ಹೆದರಿದ್ದು ಕಂಕುಳಿಗೆ. ರೋಗ ಹರಡಿದರೆ ಮೊದಲು ಅಲ್ಲಿನ ಸಣ್ಣ ಗಂಟುಗಳಿಗಂತೆ. ಆಪರೇಷನ್ ನಡೆಯುತ್ತಿರುವಾಗಲೇ ಎರಡು ಮೂರು ಗಂಟು ತೆಗೆದು ಪಕ್ಕದ ಕೋಣೆಗೆ ಕಳಿಸುತ್ತಾರೆ. ಅಲ್ಲಿ ಇನ್ನೊಬ್ಬ ಡಾಕ್ಟರು ಅದನ್ನು ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಉತ್ತರ ಬರುವವರೆಗೆ ಇವರು ಕತ್ತಿ ಹಿಡಿದು ಕಾಯುವುದು, ನಾನು ಬಿದ್ದುಕೊಂಡಿರುವುದು. ಗಂಟು ಶುದ್ಧವಿದ್ದರೆ ಕಂಕುಳು ಉಳಿಯಿತು. ರೋಗ ಕಂಡರೆ ಅಲ್ಲಿರುವುದನ್ನೆಲ್ಲ ತೆಗೆಯಬೇಕು. ಕೈ ಬಾತು ಭಾರವಾಗಬಹುದು, ಆಯುಷ್ಯದ ಮಾತನ್ನೂ ಹೇಳಲಾಗದು. ನನಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಎಚ್ಚರವಾದಾಗ ಕೈ ನೋಡಿ. ಕಟ್ಟಿದ್ದರೆ ಕಂಕುಳಿನದ್ದೆಲ್ಲ ತೆಗೆದಿದ್ದೇವೆ ಅಂತ," ಎಂದರು ದೊಡ್ಡ ಡಾಕ್ಟರು.

ಎಚ್ಚರವಾಯಿತು. ಕೈ ಕಟ್ಟಿತ್ತು.

ಕಾಂತಿ, ಆಗ ನಾನು ಅತ್ತುಬಿಟ್ಟೆ. ಕೂಗಿ ಅಲ್ಲ, ಗೋಡೆಯ ಕಡೆ ಮುಖ ಮಾಡಿ. ನಿನ್ನ ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವ ಕೈ ಹೋಯಿತಲ್ಲ ಎಂದು. ಬೀಪಾತುಮ್ಮ ನನ್ನ ಕಾಲು ಒತ್ತುತ್ತಾ ತಾನೂ ಅತ್ತಳು. ನರ್ಸಮ್ಮನನ್ನು ನಾವಿಬ್ಬರೂ ಒಂದು ಮಾತು ಕೇಳಲಿಲ್ಲ. ಗೊತ್ತಾದದ್ದನ್ನು ಮತ್ತೆ ಏನು ಕೇಳುವುದು?

ಸಂಜೆ ಡಾಕ್ಟರು ಬಂದವರೇ ಈ ಕೈಯನ್ನು ಯಾರು ಕಟ್ಟಿದ್ದು ಎಂದು ಕೇಳಿದರು. ನರ್ಸಮ್ಮ ಮೆಲ್ಲಗೆ ವಿಷಯ ಹೇಳಿದರು. ಅರೆನಿದ್ದೆಯಲ್ಲಿ ನಾನು ಮಂಚದ ಕಬ್ಬಿಣವನ್ನು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತಲೇ ಇದ್ದೆನಂತೆ. ಇದು ಒಡಕು, ಆಚೆ ಇಡಿ ಎಂದು ಅಪ್ಪಣೆ ಬೇರೆ ಕೊಟ್ಟೆನಂತೆ. ಹೊಲಿಗೆ ಬಿಟ್ಟೀತೆಂದು ಅವರು ಕೈ ಕಟ್ಟಿಹಾಕಿದ್ದು. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮತ್ತೆ ತಾವೇ ಕಟ್ಟು ಬಿಚ್ಚಿದರು.

"ಮೂರು ಗಂಟು ನೋಡಿದೆವು ಸೇಸಮ್ಮ. ಮೂರರಲ್ಲೂ ಒಡಕಿಲ್ಲ."

ವಾರ ಬಿಟ್ಟು ಅವನ್ನೇ ನಿಧಾನವಾಗಿ ಪುನಃ ನೋಡಿದರು, ಅದೇ ಉತ್ತರ. ಈಗ ಕೈ ಮೊದಲಿನಂತೆ ಮೇಲೇಳಲೆಂದು ಗೋಡೆಯ ಮೇಲೆ ದಿನಾ ಬೆರಳು ಹತ್ತಿಸುತ್ತೇನೆ, ಮೊನ್ನೆ ಕ್ಯಾಲೆಂಡರಿನ ಮೊಳೆ ಮುಟ್ಟಿದೆ. ಆಗಾಗ ಹೋಗಿ ತೋರಿಸಿ ಬರಬೇಕು. ನಿನ್ನ ಕಾರ್ಡನ್ನು ಬೀಪಾತುಮ್ಮನಿಗೆ ಓದಿ ಹೇಳಿದೆ. ಸುದ್ದಿಗಿಂತ ಈ ಸಿಟ್ಟೇ ಮಗುವಿಗೆ ಕೆಟ್ಟದು, ಎಲ್ಲ ಬರೆದುಬಿಡು ಎಂದಳು. ಬರೆದೆ. ಶುಕ್ರವಾರ ಅಳಿಯ ರುಕ್ಮಯ್ಯನೊಟ್ಟಿಗೆ ಹೊರಟು ಬಾ. ಬಂದು ಎಷ್ಟು ಬೇಕಾದರೂ ಬಯ್ಯಿ, ಆದರೆ ತುಳುವಿನಲ್ಲೇ ಬಯ್ಯಿ. ಕನ್ನಡದಲ್ಲಿ ಬೈಗುಳಕ್ಕೆ ಅಷ್ಟು ರುಚಿ ಇಲ್ಲ.

ಒಂದು ಬದಿ ಹಗುರಾದ ನಿನ್ನ ಅಮ್ಮ,
ಸೇಸಮ್ಮ

ಮರೆತಿದ್ದೆ: ಆಪರೇಷನ್ನಿನ ಮುಂಚಿನ ದಿನ ನಿನಗೆಂದು ಒಂದು ಕಾಗದ ಬರೆದು, ನಾನು ವಾಪಸು ಬಾರದಿದ್ದರೆ ಕೊಡು ಎಂದು ಬೀಪಾತುಮ್ಮನ ಕೈಯಲ್ಲಿ ಇಟ್ಟಿದ್ದೆ. ನಾಲ್ಕು ಪುಟ. ಮಗುವಿಗೆ ಎಣ್ಣೆ ಎಷ್ಟು, ನೀರು ಎಷ್ಟು ಬಿಸಿ, ಕುತ್ತಿಗೆ ಹಿಡಿಯುವುದು ಹೇಗೆ, ಎಲ್ಲ ಅದರಲ್ಲಿತ್ತು. ನಿನ್ನೆ ಅದನ್ನು ಕೇಳಿ ತೆಗೆದುಕೊಂಡು ಬಚ್ಚಲಿನ ಒಲೆಗೆ ಹಾಕಿದೆ. ನೀನು ಕಲಿಯುವುದು ಬೇಡ. ನಾನೇ ಮೀಯಿಸುತ್ತೇನೆ.