ಎಡಗಡೆಯ ಮೂಲೆ

ಮನೆಯಿಂದ, ಕಿಟಕಿ ಪಕ್ಕದ ಕೆಲಸದ ಮೇಜು
ನವೆಂಬರ್ ೧೩, ಬುಧವಾರ ಮಧ್ಯಾಹ್ನ

ಪ್ರೀತಿಯ ಸೂಜಿಮಲ್ಲಿ,

ಹೇಗಿದ್ದೀಯ ಮಗಳೇ? ಕಣ್ಣುರಿ ಕಡಿಮೆಯಾಯಿತೇ? ಪ್ರಯೋಗಾಲಯದ ದೀಪದಡಿ ದಿನವಿಡೀ ಎಳೆ ಎಣಿಸುತ್ತಾ ಕೂರಬೇಡ, ಗಂಟೆಗೊಮ್ಮೆಯಾದರೂ ಎದ್ದು ಕಿಟಕಿಯಾಚೆ ನೋಡು. ನನ್ನದೇನೂ ಹೊಸದಿಲ್ಲ. ಮಂಡಿನೋವು ಮಂಡಿಯಲ್ಲೇ ಇದೆ. ಕನ್ನಡಕ ಮೂಗಿನ ಮೇಲಿದ್ದರೂ ಮನೆಯೆಲ್ಲ ಹುಡುಕುತ್ತೇನೆ. ಸೂಜಿಗೆ ದಾರ ಪೋಣಿಸುವುದು ಮಾತ್ರ ಈಗಲೂ ಒಂದೇ ಸಲಕ್ಕೆ. ಅದೊಂದು ಜಂಬ ಉಳಿದಿದೆ.

ಅಮ್ಮನ ವಿಷಯ ಬರೆಯಬೇಕು. ಹಾಸಿಗೆ ಹಿಡಿದು ಐದು ವಾರವಾಯಿತು. ಮೊನ್ನೆ ಡಾಕ್ಟರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, "ಬರಬೇಕಾದವರಿಗೆಲ್ಲ ಹೇಳಿಬಿಡಿ" ಎಂದರು. ಬರಬೇಕಾದವಳು ನೀನೊಬ್ಬಳೇ. ಅಮ್ಮನಿಗೆ ಹಾಗೆಂದರೆ ಮಗ್ಗುಲು ಬದಲಿಸಿದಳು. "ತಪ್ಪಾಯ್ತು ಅಂತ ಒಂದು ಮಾತು ಅವಳ ಬಾಯಲ್ಲಿ ಬರಲಿ. ಅಲ್ಲೀತನಕ ಈ ಹೊಸಿಲು ದಾಟೋದು ಬೇಡ." ಎರಡು ವರ್ಷದಿಂದ ಇದೇ ಮಾತು. ನಿನ್ನ ಫೋಟೋ ಇನ್ನೂ ಗೋಡೆಗೆ ಮುಖಮಾಡಿಯೇ ನಿಂತಿದೆ. ಧೂಳು ಒರೆಸುವ ನೆಪದಲ್ಲಿ ತಿರುಗಿಸಿ ನೋಡುತ್ತೇನೆ, ಮತ್ತೆ ಹಾಗೆಯೇ ಇಡುತ್ತೇನೆ. ಅಷ್ಟೇ ನನ್ನ ಪರಾಕ್ರಮ.

ಅವಳ ಸಿಟ್ಟು ನಿನಗೆ ಗೊತ್ತಿಲ್ಲದ್ದಲ್ಲ. ನಮ್ಮ ಚರ್ಚಿನ ಪವಿತ್ರ ವಸ್ತ್ರ ಯೇಸುವನ್ನು ಸಮಾಧಿಗಿಡುವಾಗ ಸುತ್ತಿದ್ದ ಬಟ್ಟೆಯೇ ಎಂದು ನಂಬಿ ಬೆಳೆದವಳು ಅವಳು. ನಿನ್ನನ್ನು ಹೆರುವಾಗ ಎರಡು ಜೀವ ಉಳಿದದ್ದು ಅದರ ಮುಂದೆ ಹೊತ್ತ ಹರಕೆಯಿಂದ ಎನ್ನುತ್ತಾಳೆ. ಉಳಿದ ಆ ಜೀವವೇ ಬಂದು ಮೂಲೆಯ ಚೂರು ಕತ್ತರಿಸಿಕೊಂಡು ಹೋಗಿ, ಬಟ್ಟೆಗೆ ಮುನ್ನೂರು ವರ್ಷ ಮೀರಿಲ್ಲ, ಇದು ನಕಲಿ ಎಂದು ವರದಿ ಕೊಟ್ಟಿತು. ಈಗ ಚರ್ಚಿನ ಬೀದಿ ಹಗಲೇ ಬಿಕೋ ಎನ್ನುತ್ತದೆ. ಮೇಣದಬತ್ತಿ ಅಂಗಡಿಯವನು ಬಾಗಿಲು ಹಾಕಿದ. ಯಾತ್ರಿಕರು ತಂಗುತ್ತಿದ್ದ ಮನೆಯಲ್ಲಿ ಸಿಮೆಂಟ್ ಚೀಲ ತುಂಬಿದ್ದಾರೆ. ನಮ್ಮ ಬಾಗಿಲಿಗೆ ಯಾರೋ ಟಾರು ಬಳಿದಿದ್ದನ್ನು ನಿನಗೆ ಬರೆದಿರಲಿಲ್ಲ. ಅದನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದವಳು ಅಮ್ಮನೇ. ನಿನ್ನನ್ನು ಬೈಯುವ ಹಕ್ಕನ್ನು ಅವಳು ಬೇರೆಯವರಿಗೆ ಬಿಟ್ಟುಕೊಡುವವಳಲ್ಲ.

ನಮ್ಮ ಆಟ ನೆನಪಿದೆಯೇ? ಹರಿದ ಕಡೆ ಎಳೆಗೆ ಎಳೆ ಕೂಡಿಸಿ, ಹರಿದಿತ್ತೆಂಬುದೇ ತಿಳಿಯದಂತೆ ನೇಯುವುದು ನನ್ನ ಹೊಟ್ಟೆಪಾಡು. ಮುಗಿದ ಕೂಡಲೇ ನಿನ್ನ ಕಣ್ಣು ಕಟ್ಟಿ ಬಟ್ಟೆಯನ್ನು ಕೈಗೆ ಕೊಡುತ್ತಿದ್ದೆ. ಹರಿದಿದ್ದ ಜಾಗವನ್ನು ನೀನು ಹುಡುಕಬೇಕು, ನಿನ್ನ ಬೆರಳು ಒಪ್ಪಿದರೆ ಮಾತ್ರ ಅದು ಗಿರಾಕಿಗೆ. ಒಂದು ಸಲವಾದರೂ ಸೋತೆಯಾ ನೀನು? "ಅಪ್ಪಾ, ಇಲ್ಲಿ ಬಟ್ಟೆಗೆ ಉಸಿರು ಕಟ್ಟಿದೆ" ಅನ್ನುತ್ತಿದ್ದೆ. ನಾನು ಗೊಣಗಿಕೊಂಡು ಬಿಚ್ಚಿ ಮತ್ತೆ ಕೂರುತ್ತಿದ್ದೆ. ಊಟ ಆರಿ ಅಮ್ಮ ಇಬ್ಬರಿಗೂ ಬೈಯುತ್ತಿದ್ದಳು.

ವಸ್ತ್ರದ ಪರೀಕ್ಷೆಯ ದಿನ, ಕತ್ತರಿಸಿದ ಅಂಚನ್ನು ಹೊಲಿಯಲೆಂದು ನನ್ನನ್ನೂ ಕರೆಸಿದ್ದರಲ್ಲ. ಬಟ್ಟೆಯನ್ನು ಅಲುಗದಂತೆ ಒತ್ತಿ ಹಿಡಿದಿದ್ದವನು ನಾನೇ. ರಕ್ತದ ಕಲೆಯಿಲ್ಲದ ಜಾಗವೆಂದು ಎಲ್ಲರೂ ಸೇರಿ ಎಡಗಡೆಯ ಕೆಳಮೂಲೆ ಆರಿಸಿದರು. ಕತ್ತರಿ ಇಡುವ ಮೊದಲು ನೀನು ಅಲ್ಲಿ ಬೆರಳಾಡಿಸಿದೆ, ಹಳೆಯ ಅಭ್ಯಾಸದಂತೆ. ಆದರೆ ಕೈಗೆ ರಬ್ಬರ್ ಗವಸು ಹಾಕಿದ್ದೆ. ಯಾಕೋ ಅದೇ ಮತ್ತೆ ಮತ್ತೆ ನೆನಪಾಗುತ್ತದೆ.

ಅಮ್ಮನ ಆಶೀರ್ವಾದ ಬರೆಯೋಣವೆಂದರೆ ಅವಳನ್ನು ಕೇಳುವ ಧೈರ್ಯವಿಲ್ಲ. ನನ್ನದನ್ನೇ ಎರಡು ಪಾಲು ತೆಗೆದುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ.: ಗುರುವಾರ ಬೆಳಿಗ್ಗೆ. ಅಂಟಿಸಿದ್ದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಆ ಮೂಲೆ ನನ್ನ ಕೈಕೆಲಸ. ನೀನು ಹುಟ್ಟಿದ್ದಕ್ಕೆ ಹಿಂದಿನ ವರ್ಷ ವಸ್ತ್ರದ ಒಳಪದರ ಬದಲಿಸಲು ಕೊಟ್ಟಿದ್ದರು. ನನ್ನ ಇಸ್ತ್ರಿಪೆಟ್ಟಿಗೆ ತಾಗಿ ಅಲ್ಲಿ ಸುಟ್ಟಿತು. ಸುಟ್ಟದ್ದನ್ನು ಕತ್ತರಿಸಿ ತೆಗೆದು, ಚರ್ಚಿನವರು ಬಿಸಾಡಿದ್ದ ಬಲಿಪೀಠದ ಹಳೆಯ ಬಟ್ಟೆಯಿಂದ ಎಳೆ ಬಿಡಿಸಿ, ಚಹಾದ ನೀರಿನಲ್ಲಿ ಅದ್ದಿ, ಮೂರು ದಿನ ಕೂತು ನೇಯ್ದೆ. ಯಾರಿಗೂ ಹೇಳಲಿಲ್ಲ. ನೀನು ಅಳೆದ ವಯಸ್ಸು ಆ ಎಳೆಗಳದು. ನಿನ್ನ ಬೆರಳು ನಿಲ್ಲದೆ ದಾಟಿದಾಗಲೇ ನಾನು ಬಾಯಿ ಬಿಡಬೇಕಿತ್ತು. ಆದರೆ ಮಗಳೇ, ಆ ಗಳಿಗೆ ನನಗೆ ಹೆಮ್ಮೆಯಾಯಿತು, ಕೊನೆಗೂ ನಿನಗೂ ಸಿಗಲಿಲ್ಲವಲ್ಲ ಎಂದು. ಅಷ್ಟರಲ್ಲಿ ಕತ್ತರಿ ಆಡಿತ್ತು. ಆಮೇಲೆ ಎರಡು ವರ್ಷವೂ ಬರೀ ಹೆದರಿಕೆ.

ಅಂದು ನಾನು ಕತ್ತರಿಸಿ ತೆಗೆದ ಸುಟ್ಟ ಚೂರು ಸೂಜಿಡಬ್ಬಿಯ ತಳದಲ್ಲಿತ್ತು, ಇದರ ಜೊತೆಗಿಟ್ಟಿದ್ದೇನೆ. ಅದರ ಒಂದು ಅಂಚು ಮಾತ್ರ ಸುಟ್ಟಿಲ್ಲ, ಪರೀಕ್ಷೆಗೆ ಅಷ್ಟು ಸಾಕೇನೋ. ವಸ್ತ್ರ ನಿಜವೋ ನಕಲಿಯೋ ನನಗೆ ಈಗಲೂ ಗೊತ್ತಿಲ್ಲ, ನೀನೇ ನೋಡು. ಕೇಳಿದವರಿಗೆ ನನ್ನ ಹೆಸರು ಹೇಳು.

ಈಗಷ್ಟೇ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈಯಲ್ಲೇ ನಿನ್ನ ಫೋಟೋ ತರಿಸಿ ಎದೆಯ ಮೇಲಿಟ್ಟುಕೊಂಡಳು, ನನ್ನನ್ನು ಆಚೆ ಹೋಗು ಎಂದಳು. ಬಾಗಿಲ ಹೊರಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಅವಳು ಒಬ್ಬಳೇ ಇದ್ದಾಳೆ. ಬೇಗ ಬಾ.